ಥರ್ಮೋಸ್ಟಾಟ್ ವೈ-ಫೈಗೆ ಸೇರುತ್ತಿಲ್ಲವೇ? ಮೊದಲು ಕರೆಂಟ್ ನೋಡಿ, ಆಮೇಲೆ ರೂಟರ್

ಮನೆಯ ಹೀಟಿಂಗ್, ಕೂಲಿಂಗ್ ನಡೆಸುವ ಗೋಡೆಯ ಮೇಲಿನ ಸ್ಮಾರ್ಟ್ ಥರ್ಮೋಸ್ಟಾಟ್ ಫೋನಿನ ಆ್ಯಪ್‌ನಲ್ಲಿ 'ಆಫ್‌ಲೈನ್' ಎಂದು ಕಾಣಿಸಿದ ಕೂಡಲೇ ಹೆಚ್ಚಿನವರು ವೈ-ಫೈ ಪಾಸ್‌ವರ್ಡನ್ನು ಮತ್ತೆ ಮತ್ತೆ ಹಾಕಿ ನೋಡುತ್ತಾರೆ. ಅದೂ ಆಗದಿದ್ದರೆ ಫ್ಯಾಕ್ಟರಿ ರೀಸೆಟ್‌ಗೆ ಕೈಹಾಕುತ್ತಾರೆ. ಇವೆರಡನ್ನೂ ಕೊನೆಗೆ ಇಟ್ಟುಕೊಳ್ಳಿ. ಅಮೆರಿಕ, ಕೆನಡಾದ ಮನೆಗಳಲ್ಲಿ ಈ ಸಾಧನ ಓಡುವುದು ಫರ್ನೇಸ್ (ಮನೆ ಬಿಸಿಮಾಡುವ ಯಂತ್ರ) ಅಥವಾ ಏರ್ ಹ್ಯಾಂಡ್ಲರ್ (ಮನೆಯೊಳಗೆ ಗಾಳಿ ಹರಿಸುವ ಯಂತ್ರ) ಒಳಗಿನ ಟ್ರಾನ್ಸ್‌ಫಾರ್ಮರ್ ಕೊಡುವ 24 ವೋಲ್ಟ್ ಕರೆಂಟಿನಲ್ಲಿ. ಆ ಕರೆಂಟು ಸಾಲದೆ ಬಂದಾಗ ಒಳಗೆ ಬ್ಯಾಟರಿ ಇರುವ ಥರ್ಮೋಸ್ಟಾಟ್‌ಗಳು ಉಳಿದ ಕೆಲಸ ನಡೆಯಲೆಂದು ಮೊದಲು ವೈ-ಫೈಯನ್ನೇ ಆರಿಸುತ್ತವೆ. ಹೊರಗೆ ವೈ-ಫೈ ತೊಂದರೆಯಂತೆ ಕಾಣುವುದು ಮೂಲದಲ್ಲಿ ವೈರಿನ ತೊಂದರೆಯಾಗಿರುವುದು ತುಂಬಾ ಸಾಮಾನ್ಯ.

ಗಾಬರಿ ಬೇಡ. ವೈ-ಫೈ ಹೋದರೂ ಹೀಟಿಂಗ್, ಕೂಲಿಂಗ್ ನಿಲ್ಲುವುದಿಲ್ಲ. ಥರ್ಮೋಸ್ಟಾಟ್‌ಗೆ ಕರೆಂಟು ಇರುವವರೆಗೆ ಗೋಡೆಯ ಬಳಿ ನಿಂತು ತಾಪಮಾನ ಬದಲಿಸಬಹುದು, ಉಳಿಸಿಟ್ಟ ವೇಳಾಪಟ್ಟಿಯೂ ನಡೆಯುತ್ತದೆ. ಹೋಗುವುದು ಫೋನಿನಿಂದ ನಡೆಸುವ ಸೌಲಭ್ಯ ಮಾತ್ರ. ಆದ್ದರಿಂದ ನಿಧಾನವಾಗಿ, ಒಂದೊಂದಾಗಿ ನೋಡುತ್ತಾ ಹೋಗಿ. ಒಂದು ಬದಲಾವಣೆ ಮಾಡಿ, ಪರೀಕ್ಷಿಸಿ, ಆಮೇಲೆ ಮುಂದಿನದು. ಐದು ಸೆಟ್ಟಿಂಗ್ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಎಂದು ಗೊತ್ತಾಗುವುದಿಲ್ಲ, ಮುಂದಿನ ಸಲ ಮತ್ತೆ ಮೊದಲಿನಿಂದ ಶುರು.

ಗೋಡೆಯ ಹತ್ತಿರ ಹೋಗಿ ನೋಡಿ

ಫೋನ್ ಬದಿಗಿಡಿ. ಥರ್ಮೋಸ್ಟಾಟ್‌ನ ಪರದೆ ಏನು ಹೇಳುತ್ತಿದೆ?

ಪರದೆ ಪೂರ್ತಿ ಕಪ್ಪಾಗಿದ್ದರೆ, ಬ್ಯಾಟರಿ ಕಡಿಮೆ ಎಂಬ ಸೂಚನೆ ಇದ್ದರೆ, ಗೂಗಲ್‌ನ ನೆಸ್ಟ್ ಥರ್ಮೋಸ್ಟಾಟ್ ಆದರೆ ಕೆಂಪು ದೀಪ ಮಿನುಗುತ್ತಿದ್ದರೆ, ಅದು ಕರೆಂಟಿನ ವಿಷಯ. ಪರದೆ ಚೆನ್ನಾಗಿದ್ದು, ವೈ-ಫೈ ಪಟ್ಟಿಯಲ್ಲಿ ನಿಮ್ಮ ಮನೆಯ ಹೆಸರೇ ಕಾಣದಿದ್ದರೆ ರೇಡಿಯೋ ಬ್ಯಾಂಡ್, ಚಾನಲ್ ಅಥವಾ ದೂರದ ತೊಂದರೆ. ಹೆಸರು ಕಂಡರೂ ಸೇರಲು ಆಗದಿದ್ದರೆ ಪಾಸ್‌ವರ್ಡ್ ಅಥವಾ ಭದ್ರತೆಯ ಸೆಟ್ಟಿಂಗ್. ವೈ-ಫೈಗೆ ಸೇರಿದೆ, ಸಿಗ್ನಲ್ ಇದೆ, ಆದರೂ ಆ್ಯಪ್ ಮಾತ್ರ 'ಆಫ್‌ಲೈನ್' ಎನ್ನುತ್ತಿದೆಯೇ? ಹಾಗಾದರೆ ಇಂಟರ್ನೆಟ್, ಕಂಪನಿಯ ಸರ್ವರ್ ಅಥವಾ ನಿಮ್ಮ ಖಾತೆಯ ಕಡೆ ನೋಡಬೇಕು. ಈ ನಾಲ್ಕರಲ್ಲಿ ನಿಮ್ಮದು ಯಾವುದೆಂದು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ.

ಕರೆಂಟ್ ಬರುತ್ತಿದೆಯೇ?

ಮೊದಲು ಸುಲಭದ್ದನ್ನು ನೋಡಿ. ಎಷ್ಟೋ ಮನೆಗಳಲ್ಲಿ ಫರ್ನೇಸ್‌ನ ಪಕ್ಕ ಅಥವಾ ಬೇಸ್‌ಮೆಂಟ್ ಮೆಟ್ಟಿಲ ಮೇಲ್ಗಡೆ ಫರ್ನೇಸಿಗೇ ಮೀಸಲಾದ ಒಂದು ಸ್ವಿಚ್ ಇರುತ್ತದೆ. ನೋಡಲು ಥೇಟ್ ಲೈಟಿನ ಸ್ವಿಚ್ ಇದ್ದ ಹಾಗೇ ಇರುವುದರಿಂದ ಮಕ್ಕಳೋ ನೆಂಟರೋ ಆರಿಸಿಬಿಡುತ್ತಾರೆ. ಅದಾದ ಮೇಲೆ ಬ್ರೇಕರ್ ನೋಡಿ. ಮನೆಯ ಹೊರಗಿರುವ ಎಸಿ ಯಂತ್ರ, ಅಂದರೆ ಕಂಡೆನ್ಸರ್‌ಗೆ ಒಂದು, ಒಳಗಿನ ಫರ್ನೇಸ್ ಅಥವಾ ಏರ್ ಹ್ಯಾಂಡ್ಲರ್‌ಗೆ ಇನ್ನೊಂದು ಬ್ರೇಕರ್ ಇರುತ್ತದೆ. ಸಾಮಾನ್ಯವಾಗಿ ಥರ್ಮೋಸ್ಟಾಟ್‌ಗೆ ಕರೆಂಟ್ ಬರುವುದು ಒಳಗಿನದರಿಂದ.

ಇತ್ತೀಚೆಗೆ ಏರ್ ಫಿಲ್ಟರ್ ಬದಲಿಸಿದ್ದೀರಾ? ಫರ್ನೇಸ್ ಬಾಗಿಲ ಹಿಂದೆ ಒಂದು ಸಣ್ಣ ಸುರಕ್ಷತಾ ಸ್ವಿಚ್ ಇದೆ. ಬಾಗಿಲು ಸರಿಯಾಗಿ ಕೂರದಿದ್ದರೆ ಅದು ಒತ್ತಿಕೊಳ್ಳುವುದಿಲ್ಲ, ಇಡೀ ಫರ್ನೇಸ್‌ನ ಕರೆಂಟು ಕಡಿತ. ಬಾಗಿಲನ್ನು ತೆಗೆದು, ಕೆಳಗಿನ ಅಂಚು ಮೊದಲು ಕೂರುವಂತೆ ಇಟ್ಟು, ಒತ್ತಿ ಮುಚ್ಚಿ.

ಬೇಸಿಗೆಯಲ್ಲಿ ಕೂಲಿಂಗ್ ಓಡುತ್ತಿದ್ದಾಗ ಥರ್ಮೋಸ್ಟಾಟ್ ಸತ್ತರೆ ನೀರು ಹೋಗುವ ಪೈಪ್ ಮೇಲೆ ಅನುಮಾನ ಇರಲಿ. ಕೂಲಿಂಗ್ ಕಾಯಿಲ್ ಮೇಲೆ ಕಟ್ಟುವ ನೀರು ಒಂದು ತಟ್ಟೆಗೆ ಬಿದ್ದು ಪಿವಿಸಿ ಪೈಪಿನಲ್ಲಿ ಹೊರಹೋಗುತ್ತದೆ. ಪೈಪಿನಲ್ಲಿ ಪಾಚಿ ಕಟ್ಟಿದರೆ ತಟ್ಟೆ ತುಂಬಿ ಫ್ಲೋಟ್ ಸ್ವಿಚ್ ಮೇಲೇಳುತ್ತದೆ. ಚಾವಣಿ ಒದ್ದೆಯಾಗದಿರಲಿ ಎಂದು ಇಟ್ಟಿರುವ ಈ ಸ್ವಿಚ್ ಹಲವು ಮನೆಗಳಲ್ಲಿ 'ಆರ್' ವೈರನ್ನೇ ಕಡಿಯುತ್ತದೆ, ಅಂದರೆ ಥರ್ಮೋಸ್ಟಾಟ್‌ಗೆ ಕರೆಂಟ್ ತರುವ ವೈರನ್ನೇ. ಟೆಕ್ಸಸ್, ಫ್ಲಾರಿಡಾದಂಥ ಕಡೆ ಏರ್ ಹ್ಯಾಂಡ್ಲರ್ ಅಟ್ಟದ ಮೇಲಿರುವುದರಿಂದ ತಟ್ಟೆ ತುಂಬಿದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ಮನೆಯ ಹೊರಗೆ ಆ ಪೈಪ್ ಬಾಯಿಗೆ ನೀರು ಎಳೆಯಬಲ್ಲ ವೆಟ್ ವ್ಯಾಕ್ಯೂಮ್ ಹಿಡಿದು, ಸಂದಿಗೆ ಬಟ್ಟೆ ಸುತ್ತಿ ಎರಡು ಮೂರು ನಿಮಿಷ ಎಳೆದರೆ ಕಟ್ಟಿದ್ದು ಬರುತ್ತದೆ. ಇಂಥ ಹೊತ್ತಿನಲ್ಲಿ ರೂಟರ್ ಮುಂದೆ ಗಂಟೆಗಟ್ಟಲೆ ಕೂತರೂ ಉಪಯೋಗವಿಲ್ಲ.

ಇದೆಲ್ಲ ಸರಿಯಿದ್ದರೆ 'ಸಿ' ವೈರ್ ವಿಷಯಕ್ಕೆ ಬನ್ನಿ. 'ಆರ್' ವೈರ್ 24 ವೋಲ್ಟ್ ತರುತ್ತದೆ, 'ಸಿ' ವೈರ್ ಅದು ಮರಳುವ ದಾರಿ. 'ವೈ' ಕೂಲಿಂಗ್‌ಗೆ, 'ಡಬ್ಲ್ಯು' ಹೀಟಿಂಗ್‌ಗೆ, 'ಜಿ' ಫ್ಯಾನಿಗೆ. ಹಳೆಯ ಥರ್ಮೋಸ್ಟಾಟ್‌ಗಳಿಗೆ 'ಸಿ' ಬೇಕಿರಲಿಲ್ಲ, ಹಾಗಾಗಿ ಹಳೆಯ ಮನೆಗಳಲ್ಲಿ ಅದನ್ನು ಜೋಡಿಸಿರುವುದೂ ಇಲ್ಲ. 'ಸಿ' ಇಲ್ಲದೆ ಕೂರಿಸಿದ ನೆಸ್ಟ್‌ನಂಥ ಥರ್ಮೋಸ್ಟಾಟ್ ಕೂಲಿಂಗ್, ಹೀಟಿಂಗ್ ವೈರುಗಳ ಮೂಲಕ ಸ್ವಲ್ಪ ಸ್ವಲ್ಪವೇ ಕರೆಂಟ್ ಎಳೆದು ತನ್ನ ಬ್ಯಾಟರಿ ತುಂಬಿಸಿಕೊಳ್ಳುತ್ತದೆ. ಕೆಲವು ಫರ್ನೇಸ್‌ಗಳಲ್ಲಿ ಅದು ಸಾಕಾಗುತ್ತದೆ, ಕೆಲವದರಲ್ಲಿ ಸಾಲದು. ಸಾಲದಿದ್ದರೆ ಕಾಣುವ ಲಕ್ಷಣ ಹೀಗೆ: ದಿನಕ್ಕೆ ಒಂದೆರಡು ಸಲ ತಾನಾಗಿ ಆಫ್‌ಲೈನ್ ಆಗುವುದು, ಸ್ವಲ್ಪ ಹೊತ್ತಿಗೆ ತಾನಾಗಿ ಮರಳುವುದು.

ನೆಸ್ಟ್ ಲರ್ನಿಂಗ್ ಥರ್ಮೋಸ್ಟಾಟ್‌ನಲ್ಲಿ ಇದನ್ನು ಅಳೆಯುವುದು ಸುಲಭ. ಸೆಟ್ಟಿಂಗ್ಸ್‌ನಲ್ಲಿ ಟೆಕ್ನಿಕಲ್ ಇನ್ಫೋ, ಅದರೊಳಗೆ ಪವರ್ ತೆರೆಯಿರಿ. ಬ್ಯಾಟರಿ 3.8 ವೋಲ್ಟ್ ಆಸುಪಾಸಿನಲ್ಲಿದ್ದರೆ ಚೆನ್ನಾಗಿದೆ, 3.6ಕ್ಕಿಂತ ಕೆಳಗಿಳಿದರೆ ವೈ-ಫೈ ನಿಲ್ಲುತ್ತದೆ. ಒಳಬರುವ ವೋಲ್ಟೇಜ್ (ನೆಸ್ಟ್ ಒಳಗೆ ಎಸಿಯಿಂದ ಡಿಸಿಗೆ ಬದಲಾದ ಮೇಲಿನ ಅಂಕಿ, ಅದಕ್ಕೇ 24ಕ್ಕಿಂತ ಹೆಚ್ಚು) 29ರಿಂದ 42ರ ನಡುವೆ ಇರಬೇಕು. ಒಳಬರುವ ಕರೆಂಟ್ 'ಸಿ' ಇಲ್ಲದಿದ್ದರೆ 20ರಿಂದ 40 ಮಿಲಿಆಂಪ್, 'ಸಿ' ಸರಿಯಾಗಿ ಕೂತಿದ್ದರೆ 100 ಅಥವಾ ಅದಕ್ಕಿಂತ ಹೆಚ್ಚು. 'ಸಿ' ವೈರ್ ಸಿಕ್ಕಿಸಿದ್ದೀರಿ, ಆದರೂ 20 ತೋರಿಸುತ್ತಿದೆ ಎಂದರೆ ಫರ್ನೇಸ್ ಕಡೆಯ ತುದಿಯನ್ನು ಯಾರೂ ಜೋಡಿಸಿಲ್ಲ ಎಂದೇ ತಿಳಿಯಿರಿ. ಬ್ಯಾಟರಿ ಇಳಿದಿದ್ದರೆ ತಾತ್ಕಾಲಿಕವಾಗಿ ಗೋಡೆಯಿಂದ ಎಳೆದು ತೆಗೆದು, ಹಿಂಬದಿಯ ಯುಎಸ್‌ಬಿ ಕಿಂಡಿಗೆ ಫೋನ್ ಚಾರ್ಜರ್ ಹಾಕಿ. ಪೂರ್ತಿ ಖಾಲಿಯಾಗಿದ್ದರೆ ಎರಡು ಗಂಟೆಯಾದರೂ ಬೇಕು. 2020ರಲ್ಲಿ ಬಂದ ಅಗ್ಗದ ನೆಸ್ಟ್‌ನಲ್ಲಿ ಎರಡು ಎಎಎ ಸೆಲ್‌ಗಳಿವೆ, ಅವನ್ನು ಬದಲಿಸಿದರಾಯಿತು. ಇಕೋಬೀ ಕಂಪನಿಯ ಥರ್ಮೋಸ್ಟಾಟ್‌ಗಳಲ್ಲಿ ಬ್ಯಾಟರಿಯೇ ಇಲ್ಲ. ಅವಕ್ಕೆ 'ಸಿ' ವೈರ್ ಅಥವಾ 'ಸಿ' ಇಲ್ಲದ ಕಡೆ ಕರೆಂಟ್ ಒದಗಿಸುವ, ಕಂಪನಿಯವರದೇ ಪವರ್ ಎಕ್ಸ್‌ಟೆಂಡರ್ ಕಿಟ್ ಬೇಕೇ ಬೇಕು.

ವೈರ್ ಮುಟ್ಟುವ ಮೊದಲು ಬ್ರೇಕರ್ ಆರಿಸಿ. 24 ವೋಲ್ಟ್ ಮೈಗೆ ತಗುಲಿದರೆ ಅಪಾಯವಿಲ್ಲದಿದ್ದರೂ 'ಆರ್' ಮತ್ತು 'ಸಿ' ಒಂದಕ್ಕೊಂದು ತಾಗಿದರೆ ಫರ್ನೇಸ್ ಬೋರ್ಡಿನ ಫ್ಯೂಸ್ ಹಾರುತ್ತದೆ, ಫ್ಯೂಸ್ ಇಲ್ಲದ ಹಳೆಯ ಬೋರ್ಡ್ ಆದರೆ ಟ್ರಾನ್ಸ್‌ಫಾರ್ಮರೇ ಸುಡಬಹುದು. ಫ್ಯೂಸ್ ಕಾರಿನಲ್ಲಿ ಬಳಸುವ ಚಪ್ಪಟೆ ಬಗೆಯದು: 3 ಆಂಪ್‌ನದು ನೇರಳೆ, 5 ಆಂಪ್‌ನದು ತಿಳಿಕಂದು. ಇದ್ದಷ್ಟೇ ಆಂಪ್‌ನದನ್ನು ಹಾಕಿ, ಹೆಚ್ಚಿನದು ಬೇಡ.

ಥರ್ಮೋಸ್ಟಾಟ್ ತೆಗೆದು ಗೋಡೆಯ ರಂಧ್ರದೊಳಗೆ ಇಣುಕಿ. ಬಳಸದ ಒಂದು ನೀಲಿ ವೈರ್ ಕೇಬಲ್ಲಿನ ಹೊರಕವಚಕ್ಕೆ ಸುತ್ತಿಕೊಂಡು ಹಿಂದೆ ಮಡಚಿಕೊಂಡಿರುವುದು ಎಷ್ಟೋ ಮನೆಗಳಲ್ಲಿ ಸಿಗುತ್ತದೆ. ಅದರ ಎರಡೂ ತುದಿಗಳನ್ನು ಅರ್ಧ ಇಂಚಿಗಿಂತ ಕಡಿಮೆ ಸುಲಿದು, ಇಲ್ಲಿ ಥರ್ಮೋಸ್ಟಾಟ್‌ನ 'ಸಿ'ಗೆ, ಅಲ್ಲಿ ಫರ್ನೇಸ್ ಬೋರ್ಡಿನ 'ಸಿ'ಗೆ ಹಾಕಿ. ಬಣ್ಣವನ್ನು ಮಾತ್ರ ನಂಬಬೇಡಿ, ವೈರ್ ಎಳೆದವರು ಕೈಗೆ ಸಿಕ್ಕ ಬಣ್ಣ ಹಾಕಿರುತ್ತಾರೆ. ಯಾವ ಅಕ್ಷರಕ್ಕೆ ಹೋಗಿದೆ ಎಂಬುದನ್ನು ನೋಡಿ. ಕರೆಂಟ್ ಹಾಕಿದ ಮೇಲೆ ಮಲ್ಟಿಮೀಟರನ್ನು ಎಸಿ ವೋಲ್ಟ್‌ಗೆ ತಿರುಗಿಸಿ 'ಆರ್', 'ಸಿ' ನಡುವೆ ಅಳೆದರೆ 24ರಿಂದ 28ರವರೆಗೆ ಬರಬೇಕು.

ಗೋಡೆಯೊಳಗೆ ದಪ್ಪ ವೈರುಗಳು ಪ್ಲಾಸ್ಟಿಕ್ ಟೊಪ್ಪಿಗಳಲ್ಲಿ ಬಿಗಿದುಕೊಂಡಿದ್ದರೆ ಅಲ್ಲಿಗೇ ನಿಲ್ಲಿಸಿ. ಅದು ಗೋಡೆಯ ಬುಡದಲ್ಲಿ ಕೂರಿಸುವ ಬೇಸ್‌ಬೋರ್ಡ್ ಹೀಟರಿನ 120 ಅಥವಾ 240 ವೋಲ್ಟ್ ಲೈನ್. ಈ ಬಗೆಯ ಥರ್ಮೋಸ್ಟಾಟ್‌ಗಳನ್ನು ಅದಕ್ಕೆ ಹಾಕಲೇಬಾರದು.

ಹಾಟ್‌ಸ್ಪಾಟ್ ಪರೀಕ್ಷೆ

ಕರೆಂಟ್ ಸರಿಯಿದೆ, ಆದರೂ ವೈ-ಫೈ ಇಲ್ಲ ಎಂದಾದರೆ ರೂಟರ್ ಸೆಟ್ಟಿಂಗ್ ಮುಟ್ಟುವ ಮೊದಲು ಈ ಒಂದು ಪರೀಕ್ಷೆ ಮಾಡಿ. ಹತ್ತು ನಿಮಿಷದ ಕೆಲಸ, ಆದರೆ ತಪ್ಪು ಯಾರದು ಎಂದು ಇದರಷ್ಟು ಖಚಿತವಾಗಿ ಹೇಳುವುದು ಬೇರೊಂದಿಲ್ಲ.

ನಿಮ್ಮ ಫೋನಿನಲ್ಲಿ ಹಾಟ್‌ಸ್ಪಾಟ್ ತೆರೆಯಿರಿ. ಐಫೋನ್ 12 ಅಥವಾ ಅದರ ನಂತರದ್ದಾದರೆ ಹಾಟ್‌ಸ್ಪಾಟ್ ಪುಟದಲ್ಲಿರುವ 'ಮ್ಯಾಕ್ಸಿಮೈಜ್ ಕಂಪ್ಯಾಟಿಬಿಲಿಟಿ' ಆನ್ ಮಾಡಿ, ಆಗ ಅದು 2.4 ಗಿಗಾಹರ್ಟ್ಸ್ ಎಂಬ ವೈ-ಫೈ ಬ್ಯಾಂಡ್‌ಗೆ ಬರುತ್ತದೆ, ಹಲವು ಥರ್ಮೋಸ್ಟಾಟ್‌ಗಳಿಗೆ ಕಾಣುವುದು ಅದೊಂದೇ. ಆಂಡ್ರಾಯ್ಡ್‌ನಲ್ಲಿ ಹಾಟ್‌ಸ್ಪಾಟ್ ಬ್ಯಾಂಡ್ 2.4 ಎಂದು ಆರಿಸಿ. ಪಾಸ್‌ವರ್ಡ್ ಬರೀ ಇಂಗ್ಲಿಷ್ ಸಣ್ಣಕ್ಷರ ಮತ್ತು ಅಂಕಿಗಳಲ್ಲಿ, ಎಂಟಕ್ಕೆ ಕಡಿಮೆಯಿಲ್ಲದಂತೆ ಇರಲಿ. ಫೋನನ್ನು ಥರ್ಮೋಸ್ಟಾಟ್‌ನಿಂದ ಎರಡು ಮೂರು ಅಡಿ ದೂರದಲ್ಲಿಟ್ಟು, ಥರ್ಮೋಸ್ಟಾಟ್‌ನ ಪರದೆಯಿಂದಲೇ ಆ ಹಾಟ್‌ಸ್ಪಾಟ್‌ಗೆ ಸೇರಿಸಿ. ಆ್ಯಪ್ ಮೂಲಕವೇ ಸೇರಿಸಬೇಕಾದ ಮಾದರಿಯಾದರೆ ಮನೆಯ ಇನ್ನೊಬ್ಬರ ಫೋನಿನಲ್ಲಿ ಆ್ಯಪ್ ತೆರೆಯಿರಿ.

ಸೇರಿಕೊಂಡು ಆ್ಯಪ್‌ನಲ್ಲೂ ಆನ್‌ಲೈನ್ ಆಯಿತೇ? ಹಾಗಾದರೆ ಥರ್ಮೋಸ್ಟಾಟ್ ಚೆನ್ನಾಗಿದೆ, ಅದರ ರೇಡಿಯೋ ಚೆನ್ನಾಗಿದೆ, ಕಂಪನಿಯ ಸರ್ವರ್ ಚೆನ್ನಾಗಿದೆ. ಬದಲಾಗಬೇಕಾದ್ದು ನಿಮ್ಮ ರೂಟರ್ ಸೆಟ್ಟಿಂಗ್ ಅಥವಾ ರೂಟರ್ ಇರುವ ಜಾಗ. ಹಾಟ್‌ಸ್ಪಾಟ್‌ಗೂ ಸೇರದಿದ್ದರೆ ಥರ್ಮೋಸ್ಟಾಟನ್ನು ಒಮ್ಮೆ ರೀಸ್ಟಾರ್ಟ್ ಮಾಡಿ ಮತ್ತೆ ನೋಡಿ. ಆಗಲೂ ಇಲ್ಲವೆಂದರೆ ಸಾಧನವೇ ಕೆಟ್ಟಿರುವ ಸಾಧ್ಯತೆ ಹೆಚ್ಚು. ವಾರಂಟಿ ಇದ್ದರೆ ಕಂಪನಿಯವರಿಗೆ ಕರೆ ಮಾಡಿದಾಗ ಈ ಪರೀಕ್ಷೆಯನ್ನೇ ಮೊದಲು ಹೇಳಿ, 'ರೂಟರ್ ಆರಿಸಿ ಹಾಕಿ' ಎಂಬಲ್ಲಿಂದ ಶುರುವಾಗುವ ಮಾತುಕತೆಯ ಅರ್ಧ ಭಾಗ ತಪ್ಪುತ್ತದೆ.

ರೂಟರ್‌ನಲ್ಲಿ ನೋಡಬೇಕಾದ್ದು

ಥರ್ಮೋಸ್ಟಾಟ್‌ಗಳಲ್ಲಿ ಹಲವು ಮಾದರಿಗಳಿಗೆ 2.4 ಗಿಗಾಹರ್ಟ್ಸ್ ಬಿಟ್ಟು ಬೇರೆ ಬ್ಯಾಂಡ್ ಗೊತ್ತಿಲ್ಲ. ಈಗಿನ ರೂಟರ್‌ಗಳು 2.4 ಮತ್ತು 5 ಎರಡನ್ನೂ ಒಂದೇ ಹೆಸರಿನಲ್ಲಿ ತೋರಿಸುತ್ತವೆ. ದಿನನಿತ್ಯಕ್ಕೆ ಇದರಿಂದ ತೊಂದರೆಯಿಲ್ಲ, ಆದರೆ ಮೊದಲ ಸಲ ಜೋಡಿಸುವಾಗ ಫೋನ್ 5ರಲ್ಲಿದ್ದು ಥರ್ಮೋಸ್ಟಾಟ್ 2.4ನ್ನು ಹುಡುಕುತ್ತಿದ್ದರೆ ಕೆಲವು ಆ್ಯಪ್‌ಗಳು ಎಡವುತ್ತವೆ. ರೂಟರ್ ಆ್ಯಪ್‌ನಲ್ಲಿ ಐಒಟಿ ನೆಟ್‌ವರ್ಕ್ (ಸ್ಮಾರ್ಟ್ ಉಪಕರಣಗಳಿಗೇ ಮೀಸಲಾದದ್ದು) ಅಥವಾ ಗೆಸ್ಟ್ ನೆಟ್‌ವರ್ಕ್ ತೆರೆದು ಅದನ್ನು 2.4ಕ್ಕೆ ಮಾತ್ರ ಸೀಮಿತಗೊಳಿಸುವುದು ಒಳ್ಳೆಯ ದಾರಿ. ಅದು ಆಗದಿದ್ದರೆ ಜೋಡಿಸುವವರೆಗೆ 5 ಗಿಗಾಹರ್ಟ್ಸನ್ನು ಆರಿಸಿ, ಆಮೇಲೆ ಹಾಕಿ.

ರೂಟರ್‌ನ ಭದ್ರತೆಯ ಸೆಟ್ಟಿಂಗ್‌ನಲ್ಲಿ 'ಡಬ್ಲ್ಯುಪಿಎ3 ಮಾತ್ರ' (ಹೊಸ ಬಗೆಯ ವೈ-ಫೈ ಭದ್ರತೆ) ಎಂದಿದ್ದರೆ ಹಳೆಯ ಥರ್ಮೋಸ್ಟಾಟ್ ಒಳಗೆ ಬರಲಾರದು. 'ಡಬ್ಲ್ಯುಪಿಎ2/ಡಬ್ಲ್ಯುಪಿಎ3' ಎಂಬ ಮಿಶ್ರ ಆಯ್ಕೆಯಲ್ಲೂ ಕೆಲವು ಮಾದರಿಗಳು ತಡವರಿಸುವುದುಂಟು. ಐಒಟಿ ನೆಟ್‌ವರ್ಕ್‌ಗೆ 'ಡಬ್ಲ್ಯುಪಿಎ2 ಪರ್ಸನಲ್, ಎಇಎಸ್' ಇಟ್ಟುಬಿಡಿ. ಇಂಟರ್ನೆಟ್ ಕಂಪನಿ ಹೊಸ ರೂಟರ್ ಕೊಟ್ಟ ದಿನವೇ ಥರ್ಮೋಸ್ಟಾಟ್ ಕೈಕೊಡುವುದಕ್ಕೆ ಈ ಸೆಟ್ಟಿಂಗ್ ಒಂದು ಕಾರಣ, ಬದಲಾದ ಹೆಸರು-ಪಾಸ್‌ವರ್ಡ್ ಇನ್ನೊಂದು. ಹೊಸ ರೂಟರ್‌ಗೆ ಹಳೆಯದರ ಹೆಸರು, ಹಳೆಯದರ ಪಾಸ್‌ವರ್ಡ್ ಇಡಿ. ದೊಡ್ಡಕ್ಷರ ಸಣ್ಣಕ್ಷರ ಸಮೇತ ಒಂದೇ ಥರ ಇದ್ದರೆ ಥರ್ಮೋಸ್ಟಾಟ್, ಬಾಗಿಲ ಬೆಲ್, ಬಲ್ಬು ಎಲ್ಲವೂ ಒಂದೊಂದಾಗಿ ತಾವೇ ಮರಳುತ್ತವೆ.

ಮನೆಯ ವೈ-ಫೈಗೆ ಕನ್ನಡ ಲಿಪಿಯಲ್ಲಿ ಹೆಸರಿಟ್ಟವರಿಗೆ ಒಂದು ವಿವರ. ವೈ-ಫೈ ಹೆಸರಿಗೆ ಇರುವ ಮಿತಿ 32 ಬೈಟ್. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದಲ್ಲಿ ಪ್ರತಿ ಅಕ್ಷರಕ್ಕೂ, ಪ್ರತಿ ಗುಣಿತ ಚಿಹ್ನೆಗೂ, ಒತ್ತಕ್ಷರ ಕೂಡಿಸುವ ಚಿಹ್ನೆಗೂ ಮೂರು ಮೂರು ಬೈಟ್ ಬೇಕು. 'ನಮ್ಮಮನೆ' ಎಂದಿಟ್ಟರೆ ಅದೇ 21 ಬೈಟ್. ಫೋನು, ಲ್ಯಾಪ್‌ಟಾಪಿಗೆ ಇದು ಲೆಕ್ಕವಿಲ್ಲ, ಆದರೆ ಥರ್ಮೋಸ್ಟಾಟ್‌ನ ಪುಟ್ಟ ಸಾಫ್ಟ್‌ವೇರ್ ಇಂಥ ಹೆಸರನ್ನು ಚೌಕಗಳಾಗಿ ತೋರಿಸಬಹುದು ಅಥವಾ ಸೇರಲಾಗದೆ ಒದ್ದಾಡಬಹುದು. ಎಮೋಜಿಗೂ ಇದೇ ಪಾಡು. ಮುಖ್ಯ ನೆಟ್‌ವರ್ಕ್‌ಗೆ ಕನ್ನಡದ ಹೆಸರು ಖಂಡಿತ ಇರಲಿ, ಉಪಕರಣಗಳ 2.4 ನೆಟ್‌ವರ್ಕ್‌ಗೆ ಮಾತ್ರ ಇಂಗ್ಲಿಷ್ ಅಕ್ಷರಗಳ ಹೆಸರಿಡಿ.

ಚಾನಲ್ ವಿಷಯ. 2.4ರಲ್ಲಿ ಒಂದರ ಮೇಲೊಂದು ಬೀಳದ ಚಾನಲ್‌ಗಳು 1, 6 ಮತ್ತು 11 ಮಾತ್ರ; ಅಗಲ 20 ಮೆಗಾಹರ್ಟ್ಸ್ ಇರಲಿ. ಅಪಾರ್ಟ್‌ಮೆಂಟ್‌ನಲ್ಲಿ 40 ಇಟ್ಟರೆ ನೆರೆಹೊರೆಯವರ ರೂಟರ್‌ಗಳ ಗದ್ದಲವೆಲ್ಲ ನಿಮ್ಮ ಚಾನಲ್‌ಗೇ ಬರುತ್ತದೆ. ಭಾರತದಿಂದ ತಂದ ರೂಟರನ್ನು ಅಮೆರಿಕದಲ್ಲಿ ಬಳಸುವವರು ಗಮನಿಸಿ: ಭಾರತದಲ್ಲಿ 1ರಿಂದ 13ರವರೆಗೆ ಚಾನಲ್ ಇದೆ, ಅಮೆರಿಕದ ಸಾಧನಗಳು ಸಾಮಾನ್ಯವಾಗಿ ನೋಡುವುದು 11ರವರೆಗೆ. ರೂಟರ್ 12 ಅಥವಾ 13ಕ್ಕೆ ಹೋದ ದಿನ ಥರ್ಮೋಸ್ಟಾಟ್‌ಗೆ ನಿಮ್ಮ ನೆಟ್‌ವರ್ಕೇ ಕಾಣುವುದಿಲ್ಲ.

ಮಕ್ಕಳ ಫೋನಿಗೆಂದು ಹಾಕಿದ ರಾತ್ರಿಯ ವಿರಾಮದ ಪಟ್ಟಿಯಲ್ಲಿ ಥರ್ಮೋಸ್ಟಾಟ್ ಸೇರಿದೆಯೇ, ಗೊತ್ತಿರುವ ಸಾಧನಗಳಿಗೆ ಮಾತ್ರ ಅವಕಾಶ ಕೊಡುವ ಮ್ಯಾಕ್ ಫಿಲ್ಟರ್ ಇದೆಯೇ ಎಂದೂ ನೋಡಿ. ಥರ್ಮೋಸ್ಟಾಟ್‌ನ ನೆಟ್‌ವರ್ಕ್ ವಿವರದಲ್ಲಿ ಐಪಿ ವಿಳಾಸ 169.254ರಿಂದ ಶುರುವಾಗಿದ್ದರೆ ರೂಟರ್ ಅದಕ್ಕೆ ವಿಳಾಸ ಕೊಟ್ಟಿಲ್ಲ ಎಂದರ್ಥ. ಆಗ ಮೋಡೆಮ್, ರೂಟರ್ ಎರಡನ್ನೂ ಆರಿಸಿ. ಮೊದಲು ಮೋಡೆಮ್ ಹಾಕಿ ಎರಡು ನಿಮಿಷ ಕಾದು, ಆಮೇಲೆ ರೂಟರ್, ಅದು ಪೂರ್ತಿ ಎದ್ದ ಮೇಲೆ ಥರ್ಮೋಸ್ಟಾಟ್ ರೀಸ್ಟಾರ್ಟ್. ಬ್ರೌಸರಿನಲ್ಲಿ ಲಾಗಿನ್ ಪುಟ ತೆರೆಯುವ ಅಪಾರ್ಟ್‌ಮೆಂಟ್ ವೈ-ಫೈ ಆದರೆ ಥರ್ಮೋಸ್ಟಾಟ್‌ಗೆ ಆ ಪುಟ ತೆರೆಯಲು ಬರುವುದಿಲ್ಲ, ಅಲ್ಲಿ ಸ್ವಂತ ರೂಟರ್ ಬೇಕು.

ದೂರ, ಗೋಡೆ

ಸಿಗ್ನಲ್ ಬಲವನ್ನು ರೂಟರ್ ಆ್ಯಪ್ ಡಿಬಿಎಂ ಎಂಬ ಮೈನಸ್ ಅಂಕಿಯಲ್ಲಿ ತೋರಿಸುತ್ತದೆ, ಸೊನ್ನೆಯಿಂದ ದೂರ ಹೋದಷ್ಟೂ ಸಿಗ್ನಲ್ ದುರ್ಬಲ. ಮೈನಸ್ 67ರವರೆಗೆ ಚೆನ್ನ. ಮೈನಸ್ 75 ದಾಟಿದರೆ ಬಂದು ಹೋಗುವ ಆಟ, 80 ದಾಟಿದರೆ ಆಸೆ ಬಿಡಿ. ಹೊಸ ಮನೆಗಳಲ್ಲಿ ಬಿಲ್ಡರ್‌ಗಳು ಕ್ಲಾಸೆಟ್ ಗೋಡೆಯೊಳಗೆ ಲೋಹದ ಪೆಟ್ಟಿಗೆ ಇಟ್ಟು ಕೇಬಲ್‌ಗಳೆಲ್ಲ ಅಲ್ಲಿಗೇ ಬರುವಂತೆ ಮಾಡಿರುತ್ತಾರೆ. ರೂಟರನ್ನೂ ಅದರೊಳಗಿಟ್ಟು ಬಾಗಿಲು ಮುಚ್ಚಿದರೆ ಸಿಗ್ನಲ್ ಅಲ್ಲೇ ಉಳಿಯುತ್ತದೆ. ರೂಟರ್ ಹೊರಬರಲಿ, ಎತ್ತರದಲ್ಲಿರಲಿ. ಬೇಸ್‌ಮೆಂಟಿನಲ್ಲೇ ಇರಬೇಕಾದರೆ ಥರ್ಮೋಸ್ಟಾಟ್ ಇರುವ ಮಹಡಿಯಲ್ಲಿ ಸಿಗ್ನಲನ್ನು ಮುಂದಕ್ಕೆ ಹಾಯಿಸುವ ಒಂದು ಮೆಶ್ ಪಾಯಿಂಟ್ ಇಡಿ.

ಆ್ಯಪ್, ಖಾತೆ, ಹಳೆಯ ಮಾದರಿ

ಐಫೋನ್‌ನಲ್ಲಿ ಆ್ಯಪ್‌ಗೆ ಲೋಕಲ್ ನೆಟ್‌ವರ್ಕ್ ಅನುಮತಿ, ಆಂಡ್ರಾಯ್ಡ್‌ನಲ್ಲಿ ಲೊಕೇಶನ್ ಮತ್ತು ನಿಯರ್‌ಬೈ ಡಿವೈಸಸ್ ಅನುಮತಿ ಬೇಕು. ಫೋನಿನಲ್ಲಿ ಆಫೀಸಿನ ವಿಪಿಎನ್ ಓಡುತ್ತಿದ್ದರೆ ಜೋಡಿಸುವಾಗ ನಿಲ್ಲಿಸಿ. ಥರ್ಮೋಸ್ಟಾಟ್‌ನ ದಿನಾಂಕ, ಗಂಟೆ ಸರಿಯಿದೆಯೇ ನೋಡಿ: ದಿನಾಂಕ ತಪ್ಪಿದ್ದರೆ ಸರ್ವರ್‌ನ ಭದ್ರತಾ ಪ್ರಮಾಣಪತ್ರ ಅವಧಿ ಮೀರಿದಂತೆ ಕಾಣುವುದರಿಂದ ವೈ-ಫೈ ಇದ್ದೂ ಸಂಪರ್ಕ ಸಿಗುವುದಿಲ್ಲ. ಬೇರೆಯವರು ವಾಸವಿದ್ದ ಮನೆ ಕೊಂಡಿದ್ದರೆ ಸಾಧನ ಇನ್ನೂ ಹಿಂದಿನ ಮಾಲೀಕರ ಖಾತೆಯಲ್ಲೇ ಇರಬಹುದು. ಅವರು ತೆಗೆಯಬೇಕು, ಇಲ್ಲವೇ ನೀವು ಪೂರ್ತಿ ರೀಸೆಟ್ ಮಾಡಬೇಕು.

ನೆಸ್ಟ್ ಲರ್ನಿಂಗ್ ಥರ್ಮೋಸ್ಟಾಟ್‌ನ ಮೊದಲನೆಯ (2011) ಮತ್ತು ಎರಡನೆಯ (2012) ತಲೆಮಾರು ಇಟ್ಟುಕೊಂಡವರು ಇಷ್ಟೆಲ್ಲ ಕಷ್ಟಪಡುವ ಅಗತ್ಯವೇ ಇಲ್ಲ. 2025ರ ಅಕ್ಟೋಬರ್ 25ರಿಂದ ಗೂಗಲ್ ಅವುಗಳಿಗೆ ಆ್ಯಪ್ ಬೆಂಬಲ ನಿಲ್ಲಿಸಿದೆ. ಗೋಡೆಯ ಮೇಲೆ ಕೆಲಸ ಮಾಡುತ್ತವೆ, ವೇಳಾಪಟ್ಟಿ ನಡೆಸುತ್ತವೆ, ಫೋನಿಗೆ ಮಾತ್ರ ಬರುವುದಿಲ್ಲ. ಹೊಸದಕ್ಕೆ ಬದಲಿಸಿದರೆ ಹಳೆಯದನ್ನು ಬೆಂಗಳೂರಿನ ಮನೆಗೆ ಒಯ್ಯೋಣವೆಂದು ಸೂಟ್‌ಕೇಸಿಗೆ ಹಾಕಬೇಡಿ. ಅಲ್ಲಿನ ಸ್ಪ್ಲಿಟ್ ಎಸಿಗಳು ಈ 24 ವೋಲ್ಟ್ ವೈರಿಂಗ್‌ನಲ್ಲಿ ನಡೆಯುವುದಿಲ್ಲ.

ರೀಸೆಟ್

ರೀಸೆಟ್‌ನಲ್ಲಿ ಮೂರು ಹಂತ. ರೀಸ್ಟಾರ್ಟ್‌ನಿಂದ ಏನೂ ಅಳಿಯುವುದಿಲ್ಲ. ನೆಟ್‌ವರ್ಕ್ ರೀಸೆಟ್ ವೈ-ಫೈ ವಿವರಗಳನ್ನಷ್ಟೇ ಅಳಿಸುತ್ತದೆ, ಹೆಚ್ಚಿನ ಸಲ ಇಷ್ಟೇ ಸಾಕು. ಫ್ಯಾಕ್ಟರಿ ರೀಸೆಟ್ ಯಂತ್ರದ ವಿವರಗಳನ್ನೂ ಅಳಿಸುತ್ತದೆ. ಹೀಟ್ ಪಂಪ್ (ಬಿಸಿ, ತಂಪು ಎರಡನ್ನೂ ಕೊಡುವ ಯಂತ್ರ) ಇರುವ ಮನೆಯಲ್ಲಿ, ಅದನ್ನು ಹೀಟಿಂಗ್-ಕೂಲಿಂಗ್ ನಡುವೆ ಬದಲಿಸುವ 'ಒ/ಬಿ' ವೈರಿನ ಸೆಟ್ಟಿಂಗ್ ತಪ್ಪಿದರೆ ಹೀಟ್ ಕೇಳಿದಾಗ ತಣ್ಣನೆ ಗಾಳಿ ಬರುತ್ತದೆ, ಜನವರಿಯಲ್ಲಿ ಅದು ಬಲು ಕಷ್ಟ. ರೀಸೆಟ್ ಒತ್ತುವ ಮೊದಲು ಎಕ್ವಿಪ್‌ಮೆಂಟ್ ಪುಟಗಳನ್ನೂ ವೈರ್ ಕೂತಿರುವ ರೀತಿಯನ್ನೂ ಫೋಟೊ ತೆಗೆದಿಟ್ಟುಕೊಳ್ಳಿ.

ಸರಿಹೋದ ಮೇಲೆ

ಸೇರಿದ ಕೂಡಲೇ ಮುಗಿಯಿತು ಎಂದುಕೊಳ್ಳದೆ ಒಂದು ದಿನ ಪೂರ್ತಿ ಗಮನಿಸಿ. ಕರೆಂಟಿನ ತೊಂದರೆ ಇದ್ದರೆ ಅಷ್ಟರೊಳಗೆ ಮತ್ತೆ ತಲೆ ಎತ್ತುತ್ತದೆ. ಆಮೇಲೆ ಫೋನಿನ ವೈ-ಫೈ ಆರಿಸಿ, ಮೊಬೈಲ್ ಡೇಟಾದಲ್ಲಿ ಆ್ಯಪ್ ತೆರೆದು ತಾಪಮಾನವನ್ನು ಎರಡು ಡಿಗ್ರಿ ಏರಿಸಿ. ಒಂದೆರಡು ನಿಮಿಷದಲ್ಲಿ ಫರ್ನೇಸ್ ಹೊತ್ತಿಕೊಂಡ ಸದ್ದು ಕೇಳಬೇಕು.

ಡಿಸೆಂಬರಿನಲ್ಲಿ ಊರಿಗೆ ಹೊರಡುವವರು ಈ ಪರೀಕ್ಷೆಯನ್ನು ಕನಿಷ್ಠ ಒಂದು ವಾರ ಮುಂಚೆ ಮಾಡಿ. ಮನೆಯನ್ನು 55 ಡಿಗ್ರಿ ಫ್ಯಾರನ್‌ಹೀಟ್‌ಗಿಂತ, ಅಂದರೆ ಸುಮಾರು 13 ಸೆಲ್ಸಿಯಸ್‌ಗಿಂತ, ಕೆಳಗಿಳಿಸದೆ 'ಹೋಲ್ಡ್' ಹಾಕಿ, ಪೈಪಿನ ನೀರು ಹೆಪ್ಪುಗಟ್ಟದಿರಲೆಂದು ತಾಪಮಾನ ಒಂದೇ ಕಡೆ ನಿಂತಿರಲಿ. ಇದಕ್ಕೆ ವೈ-ಫೈ ಬೇಕಿಲ್ಲ. ನೀರಿನ ಮುಖ್ಯ ವಾಲ್ವ್ ಮುಚ್ಚಿ. ಅಕ್ಕಪಕ್ಕದ ನಂಬಿಕಸ್ಥರೊಬ್ಬರಿಗೆ ಆ್ಯಪ್‌ನಲ್ಲಿ ಅತಿಥಿ ಪ್ರವೇಶವನ್ನೂ ಬಾಗಿಲ ಕೀಲಿಯನ್ನೂ ಕೊಟ್ಟು, ಫರ್ನೇಸ್ ಸ್ವಿಚ್, ಬ್ರೇಕರ್, ರೂಟರ್ ಎಲ್ಲಿವೆ ಎಂದು ಕರೆದುಕೊಂಡು ಹೋಗಿ ತೋರಿಸಿ.